ಕಾಣದ ಕೂಡಲು

ತಿರುಮಕೂಡಲು ನರಸೀಪುರದ ಸಂಗಮದಲ್ಲಿ ನಿಂತವರ ಕಣ್ಣಿಗೆ ಬೀಳುವ ಹೊಳೆಗಳು ಎರಡೇ: ಕಾವೇರಿ, ಕಪಿಲೆ. ಆದರೆ ಭಕ್ತರ ಎಣಿಕೆಯಲ್ಲಿ ಅವು ಮೂರು. ಗುಪ್ತವಾದ ಸ್ಫಟಿಕ ಸರೋವರವನ್ನು ಸೇರಿಸದೆ ಲೆಕ್ಕ ಮುಗಿಯದು. ಕಾಣದಿದ್ದರೂ ಎಣಿಕೆಗೆ ಬರುವ ಇಂಥದೊಂದು ನಮ್ಮ ಮಾತಿನಲ್ಲಿಯೂ ಉಂಟು. ಅದು ವಾಕ್ಯದಲ್ಲಿ ಬೇಕೆಂದೇ ಬಿಟ್ಟ ಬೆಸುಗೆ.

ಕೂಡಿಸುವುದಕ್ಕೆ ಕನ್ನಡವು ‘ಮತ್ತು’ ಎಂಬುದನ್ನೇ ನೆಚ್ಚಿಕೊಂಡಿಲ್ಲ. ನಾಮಪದಗಳ ತುದಿಗೆ ‘ಊ’ ಹಚ್ಚುತ್ತೇವೆ; ಕ್ರಿಯೆಗಳನ್ನು ‘ಬಂದು’, ‘ನೋಡಿ’ ಎಂಬ ಕೃದಂತಾವ್ಯಯಗಳಿಂದ ಹೆಣೆಯುತ್ತೇವೆ. ಆದುದರಿಂದ ನಮ್ಮಲ್ಲಿ ಬೆಸುಗೆ ಬಿಡುವುದೆಂದರೆ ಅನೇಕ ವೇಳೆ ಪದದ ತುದಿಯನ್ನೇ ಬದಲಿಸುವುದು.

ಸಂಗಮಕ್ಕಿಂತ ಮೇಲೆ, ಅದೇ ಕಪಿಲೆಯ ದಡದಲ್ಲಿ ನಂಜನಗೂಡು ಇದೆ. 2018ರಲ್ಲಿಯೂ 2019ರಲ್ಲಿಯೂ ಹೊಳೆ ಉಕ್ಕಿ ಅಲ್ಲಿನ ತಗ್ಗು ಪ್ರದೇಶಗಳಿಗೆ ನುಗ್ಗಿತು. ಅಂಥ ಒಂದು ಮನೆಯ ಪಾಡನ್ನು ಗುಮಾಸ್ತನೊಬ್ಬ ಹೀಗೆ ಬರೆದಾನು: “ನೀರು ನುಗ್ಗಿ, ಗೋಡೆ ಕುಸಿದು, ದವಸ ಹಾಳಾಗಿ, ಕುಟುಂಬವು ಮನೆಯನ್ನು ಬಿಟ್ಟಿತು.” ಮನೆಯೊಡತಿ ಹೇಳುವ ಬಗೆ ಬೇರೆ: “ನೀರು ನುಗ್ಗಿತು. ಗೋಡೆ ಕುಸಿಯಿತು. ದವಸ ಹೋಯಿತು. ಮನೆ ಬಿಟ್ಟೆವು.” ಗುಮಾಸ್ತನ ವಾಕ್ಯದಲ್ಲಿ ಭಾರವೆಲ್ಲ ಕೊನೆಯ ಕ್ರಿಯಾಪದದ ಮೇಲೆ, ಅವಳ ಮಾತಿನಲ್ಲಿ ಒಂದೊಂದು ಕ್ರಿಯೆಯೂ ಒಂದೊಂದು ಪೆಟ್ಟು. ಅಲ್ಲಿ ನಷ್ಟ ಒಂದು, ಇಲ್ಲಿ ನಾಲ್ಕು. ಕೂಡಿಸುವ ಪದ ಹಲವನ್ನು ಒಂದಾಗಿಸುತ್ತದೆ, ಅದನ್ನು ತೆಗೆದರೆ ಒಂದು ಹಲವಾಗುತ್ತದೆ ಎಂದು ಗ್ರೀಸಿನ ಅರಿಸ್ಟಾಟಲನು ಭಾಷಣಕಲೆಯನ್ನು ಕುರಿತ ತನ್ನ ಗ್ರಂಥದಲ್ಲಿ ವಿವರಿಸಿದ್ದಾನೆ.

ಬೆಸುಗೆಯನ್ನು ಹೆಚ್ಚಿಸಿಯೂ ದುಃಖವನ್ನು ಹೇಳಬಹುದು. “ಅಕ್ಕಿಯೂ ಹೋಯಿತು, ರಾಗಿಯೂ ಹೋಯಿತು, ಬಿತ್ತನೆಯ ಬೀಜವೂ ಹೋಯಿತು.” ಇಲ್ಲಿ ‘ಊ’ಕಾರವು ಮಾತಿನ ನಡೆಯನ್ನು ನಿಧಾನಿಸುತ್ತದೆ. ಒಂದರ ಮೇಲೊಂದು ಹೊರೆ ಏರಿ, ಕೊನೆಯದಾದ ಬೀಜದ ಬಳಿ ಮುಂದಿನ ವರ್ಷವೂ ಹೋಯಿತೆಂಬುದು ಹೇಳದೆಯೇ ತಿಳಿಯುತ್ತದೆ.

ಗುಮಾಸ್ತನ ವಾಕ್ಯ ತಪ್ಪೆಂದಲ್ಲ. ಪರಿಹಾರದ ಅರ್ಜಿಗೆ ಕಾರ್ಯಕಾರಣಗಳ ಸರಪಳಿ ಬೇಕು. ಅಲ್ಲಿ ಅದೇ ತಕ್ಕುದು. ಆದರೆ ಪ್ರಬಂಧದ ತರಗತಿಯಲ್ಲಿ ಅದೊಂದನ್ನೇ ಶುದ್ಧವೆಂದು ಕಲಿಸಿದರೆ, ಮನೆಯಲ್ಲಿ ಕೇಳಿದ ಆ ಬಿಡಿಮಾತುಗಳನ್ನು ಮಕ್ಕಳು ಒರಟೆಂದು ತಿಳಿದಾರು. ಕೆಂಪು ಶಾಯಿಯಿಂದ ನಾಲ್ಕು ವಾಕ್ಯಗಳನ್ನು ಒಂದಾಗಿ ತಿದ್ದುವ ಮುನ್ನ ಅಧ್ಯಾಪಕರು ಅವನ್ನೊಮ್ಮೆ ಗಟ್ಟಿಯಾಗಿ ಓದಿಕೊಳ್ಳುವುದು ಒಳ್ಳೆಯದು. ನಡುವಿನ ಮೌನದಲ್ಲಿ ಏನಾದರೂ ಕೇಳಿಸಿದರೆ, ಆ ವಾಕ್ಯಗಳು ಆಗಲೇ ಕೂಡಿಕೊಂಡಿವೆ, ತಿದ್ದುವ ಅಗತ್ಯವಿಲ್ಲ.