ಗಾಳಿ ಹೊಡೆಯುವವರು ಯಾರು?

ಹೋದ ತಿಂಗಳು ನಮ್ಮ ಹಿತ್ತಿಲಲ್ಲಿ ಒಂದು ಸರ್ಕಸ್ ನಡೆಯಿತು. ಐದನೇ ತರಗತಿಯ ನನ್ನ ಮೊಮ್ಮಗಳು ಸೈಕಲ್ ಪಂಪಿನ ಹಿಡಿಯ ಮೇಲೆ ಹೊಟ್ಟೆ ಊರಿ, ಎರಡೂ ಕಾಲು ನೆಲದಿಂದ ಎತ್ತಿ ತೂಗಾಡುತ್ತಿದ್ದಳು. ಹಿಡಿ ಅರ್ಧಕ್ಕಿಂತ ಸ್ವಲ್ಪ ಕೆಳಗೆ ಇಳಿದು, ಅಲ್ಲಿಂದ ಮುಂದೆ ಸರಿಯದೆ ಅವಳನ್ನು ಸ್ಪ್ರಿಂಗಿನಂತೆ ಕುಣಿಸುತ್ತಿತ್ತು. "ಅಜ್ಜಾ, ನಿಮ್ಮ ಪಂಪು ಕೆಟ್ಟಿದೆ" ಎಂದು ತೀರ್ಪು ಕೊಟ್ಟು ಇಳಿದಳು.

ಪಂಪು ಕೆಟ್ಟಿರಲಿಲ್ಲ. ವಾರದ ಹಿಂದೆ ನಾನೇ ಆರಿಸಿ ತಂದದ್ದು. ಅಂಗಡಿಯಲ್ಲಿದ್ದ ಪಂಪುಗಳಲ್ಲೆಲ್ಲ ದಪ್ಪನೆಯದು, ಕಬ್ಬಿಣದ್ದು, ನೋಡಿದರೆ ಇನ್ನು ಇಪ್ಪತ್ತು ವರ್ಷ ಚಿಂತೆಯಿಲ್ಲ ಅನ್ನುವಂಥದ್ದು. ಆದರೆ ಅದನ್ನು ಒತ್ತಬೇಕಾದವಳು ಅವಳು, ನಾನಲ್ಲ. ಬೀದಿ ಕೊನೆಯ ಸೈಕಲ್ ಶಾಪ್ ಮುಚ್ಚಿ ವರ್ಷವಾಯಿತು. ನನ್ನ ಸೊಂಟ ಬಗ್ಗುವುದಿಲ್ಲ. ಬೆಳಿಗ್ಗೆ ಟಯರ್ ಮೆತ್ತಗಾಗಿದ್ದರೆ ಶಾಲೆಗೆ ಎರಡು ಕಿಲೋಮೀಟರ್ ಸೈಕಲ್ ತಳ್ಳಿಕೊಂಡೇ ಹೋಗಬೇಕು. ಆ ವಾರ ಎರಡು ಸಲ ಹಾಗೇ ಹೋದಳು, ಎರಡು ಸಲವೂ ಪ್ರಾರ್ಥನೆ ಮುಗಿದಿತ್ತು.

ಅವತ್ತು ಸಂಜೆ ಅವಳೂ ನಾನೂ ಕಾಗದ ಪೆನ್ಸಿಲ್ ಹಿಡಿದು ಕೂತೆವು. ಮಕ್ಕಳೇ, ನೀವೂ ಒಂದು ಕಾಗದ ತನ್ನಿ.

ಟಯರಿನ ಪಕ್ಕೆಯ ಮೇಲೆ ಉಬ್ಬಿದ ಅಕ್ಷರಗಳಲ್ಲಿ ಒಂದು ಅಂಕಿ ಇರುತ್ತದೆ, ಅದರ ಮುಂದೆ ಪಿಎಸ್ಐ ಎಂದಿರುತ್ತದೆ. ಒಂದು ಚದರ ಅಂಗುಲದ ಮೇಲೆ ಗಾಳಿ ಎಷ್ಟು ಪೌಂಡ್ ಒತ್ತುತ್ತದೆ ಎಂಬ ಲೆಕ್ಕ ಅದು. ನಮ್ಮ ಹುಡುಗಿಯ ಸೈಕಲ್ಲಿನಲ್ಲಿ 40 ಎಂದಿತ್ತು. ನಮಗೆ ಪರಿಚಯವಿರುವ ಅಳತೆಯಲ್ಲಿ ಹೇಳಿದರೆ ಒಂದು ಚದರ ಸೆಂಟಿಮೀಟರಿಗೆ ಸುಮಾರು 2.8 ಕಿಲೋ. ನಾನು ತಂದ ಪಂಪಿನ ಕೊಳವೆಯ ಒಳ ಅಗಲ 4 ಸೆಂಟಿಮೀಟರ್. ವೃತ್ತದ ಲೆಕ್ಕ ಹಾಕಿದರೆ ಅದರ ಬಾಯಿ ಸುಮಾರು 12.5 ಚದರ ಸೆಂಟಿಮೀಟರ್. ಅದನ್ನು 2.8ರಿಂದ ಗುಣಿಸಿ. 35 ಕಿಲೋ ಬಂತಲ್ಲ? ಟಯರ್ ಗಟ್ಟಿಯಾದ ಮೇಲೆ ಇನ್ನೊಂದು ಗುಟುಕು ಗಾಳಿ ಒಳಗೆ ಹೋಗಬೇಕಾದರೆ ಹಿಡಿಯ ಮೇಲೆ ಅಷ್ಟು ಭಾರ ಬೀಳಬೇಕು. ನನ್ನ ಮೊಮ್ಮಗಳ ತೂಕ 28 ಕಿಲೋ. ಇನ್ನು ನೇತಾಡಿ ಏನು ಪ್ರಯೋಜನ!

ಕೊಳವೆ 3 ಸೆಂಟಿಮೀಟರಿನದಾದರೆ ಬಾಯಿ 7 ಚದರ ಸೆಂಟಿಮೀಟರ್, ಬೇಕಾದ ಭಾರ ಸುಮಾರು 20 ಕಿಲೋ. ಅಷ್ಟು ಅವಳು ಒತ್ತಬಲ್ಲಳು. ಸಣ್ಣ ಕೊಳವೆಯಲ್ಲಿ ಒಂದೊಂದು ಸಲಕ್ಕೆ ಹೋಗುವ ಗಾಳಿ ಕಡಿಮೆ, ಹಾಗಾಗಿ ಹೆಚ್ಚು ಸಲ ಹೊಡೆಯಬೇಕು. ಹೊಡೆಯಲಿ, ಮಕ್ಕಳಿಗೆ ಅದೇನು ಕಷ್ಟವಲ್ಲ.

ಪಂಪು ಕೊಳ್ಳಲು ಹೊರಟ ಅಜ್ಜ ಅಜ್ಜಿಯರು ಮೊದಲು ಕೇಳಿಕೊಳ್ಳಬೇಕಾದದ್ದು ಇದನ್ನೇ: ಮನೆಯಲ್ಲಿ ಗಾಳಿ ಹೊಡೆಯುವವರು ಯಾರು? ಬೆಲೆ, ಬಣ್ಣ, ಹೆಸರು ಆಮೇಲೆ.

ಎರಡನೆಯದು, ಸೈಕಲ್ಲಿನ ವಾಲ್ವ್. ನಮ್ಮ ಸಾಮಾನ್ಯ ಸೈಕಲ್ಲುಗಳಲ್ಲಿ ಇರುವುದು ಹಳೆಯ ಡನ್‌ಲಪ್ ಬಗೆ. ಒಳಗಿನ ಪುಟ್ಟ ಕಡ್ಡಿಗೆ ರಬ್ಬರಿನ ವಾಲ್ ಟ್ಯೂಬ್ ಸುತ್ತಿರುತ್ತದೆ. ಬಾಡಿಗೆ ಸೈಕಲ್ ಹೊಡೆದ ಅಜ್ಜಂದಿರಿಗೆ ಅದು ಗೊತ್ತು. ಬೇಡದವರ ಸೈಕಲ್ಲಿನಿಂದ ಅದನ್ನು ಕಿತ್ತು ಓಡಿದ ಪುಂಡರೂ ಅವರಲ್ಲಿದ್ದಾರು. ಡನ್‌ಲಪ್ ಅಂದರೆ ಬೆಲ್‌ಫಾಸ್ಟ್ ಊರಿನ ಪಶುವೈದ್ಯ. ಮಗನ ಮೂರು ಗಾಲಿಯ ಸೈಕಲ್ ಕಲ್ಲು ಹಾಸಿನ ಮೇಲೆ ಕುಲುಕುವುದನ್ನು ನೋಡಲಾರದೆ ರಬ್ಬರ್ ಟ್ಯೂಬಿಗೆ ಗಾಳಿ ತುಂಬಿ ಚಕ್ರಕ್ಕೆ ಕಟ್ಟಿದವರು. ಅವರಿಗೆ ಪೇಟೆಂಟ್ ಸಿಕ್ಕಿದ್ದು 1888ರಲ್ಲಿ. ಆಗಿನ್ನೂ ಸೈಕಲ್ ಪಂಪು ಎಲ್ಲಿತ್ತು? ಫುಟ್‌ಬಾಲ್ ಪಂಪಿನಿಂದಲೇ ಗಾಳಿ ಹೊಡೆದರಂತೆ.

ಗೇರ್ ಸೈಕಲ್ಲುಗಳಲ್ಲಿ ಹೆಚ್ಚಾಗಿ ಸ್ಕೂಟರ್, ಕಾರಿನಲ್ಲಿರುವಂಥ ದಪ್ಪ ಶ್ರೇಡರ್ ವಾಲ್ವ್ ಇರುತ್ತದೆ. ರೇಸ್ ಸೈಕಲ್ಲುಗಳಲ್ಲಿ ಸಪೂರನೆಯ ಪ್ರೆಸ್ಟಾ. ಪಂಪಿನ ಬಾಯಿ ನಿಮ್ಮ ವಾಲ್ವಿಗೆ ಕೂರುತ್ತದೆಯೇ ಎಂದು ಅಂಗಡಿಯಲ್ಲೇ ನೋಡಿ. ಸೈಕಲ್ ಜೊತೆಗೇ ಒಯ್ದರೆ ಇನ್ನೂ ಒಳ್ಳೆಯದು, ನಾಚಿಕೆಯೇನಿಲ್ಲ.

ಬುಡದಲ್ಲಿ ಗಡಿಯಾರದಂಥ ಮೀಟರ್ ಇರುವ ಪಂಪಿಗೆ ಹೆಚ್ಚು ಬೆಲೆ. ಡನ್‌ಲಪ್ ವಾಲ್ವಿನವರು ಅದಕ್ಕೆ ದುಡ್ಡು ಹಾಕುವ ಮೊದಲು ಯೋಚಿಸಿ. ಆ ರಬ್ಬರ್ ಟ್ಯೂಬ್ ಗಾಳಿಯನ್ನು ಒಳಗೆ ಬಿಡುತ್ತದೆ, ಹೊರಗೆ ಬಿಡುವುದಿಲ್ಲ. ಹಾಗಾಗಿ ಮೀಟರಿಗೆ ಕಾಣುವುದು ಪಂಪಿನ ಪೈಪಿನೊಳಗಿನ ಒತ್ತಡವೇ ಹೊರತು ಟಯರಿನದಲ್ಲ. ಒತ್ತಿದಾಗ ಮುಳ್ಳು ಜಿಗಿಯುತ್ತದೆ, ಬಿಟ್ಟಾಗ ಬೀಳುತ್ತದೆ. ಶ್ರೇಡರ್ ಇದ್ದವರಿಗೆ ಮೀಟರ್ ನಿಜಕ್ಕೂ ಉಪಯೋಗ. ಉಳಿದವರಿಗೆ ಹೆಬ್ಬೆರಳೇ ಸಾಕು: ಸೈಕಲ್ ಮೇಲೆ ಕೂತಾಗ ಟಯರ್ ಚಪ್ಪಟೆಯಾಗಿ ಹರಡಬಾರದು, ಬೆರಳಿನಿಂದ ಒತ್ತಿದರೆ ತುಸು ಮಾತ್ರ ತಗ್ಗಬೇಕು. ಗಾಳಿ ಕಡಿಮೆ ಇದ್ದಾಗ ಗುಂಡಿಗೆ ಇಳಿದರೆ ಟ್ಯೂಬ್ ರಿಮ್ಮಿಗೂ ಕಲ್ಲಿಗೂ ನಡುವೆ ಸಿಕ್ಕಿ ಹಾವು ಕಚ್ಚಿದ ಹಾಗೆ ಅಕ್ಕಪಕ್ಕ ಎರಡು ತೂತು ಬೀಳುತ್ತವೆ. ಹಾಗೆಂದು ಪೆಟ್ರೋಲ್ ಬಂಕಿನ ಗಾಳಿ ಹಿಡಿಸಬೇಡಿ. ಲಾರಿಗೂ ಹಿಡಿಸುವ ಆ ರಭಸಕ್ಕೆ ಪುಟ್ಟ ಟ್ಯೂಬ್ ಕಣ್ಣು ಮಿಟುಕಿಸುವಷ್ಟರಲ್ಲಿ ಸಿಡಿಯಬಹುದು.

ಸರಿ, ಪಂಪು ನಂಬಿಕಸ್ಥವೋ ಅಲ್ಲವೋ ತಿಳಿಯುವುದು ಹೇಗೆ? ಅಂಗಡಿಯಲ್ಲಿ ಪೈಪಿನ ತುದಿಯನ್ನು ಮೊಮ್ಮಗ ಬೆರಳಿನಿಂದ ಗಟ್ಟಿಯಾಗಿ ಮುಚ್ಚಲಿ, ಹಿಡಿಯನ್ನು ನೀವು ಒತ್ತಿ ಹಾಗೇ ಹಿಡಿದುಕೊಳ್ಳಿ. ಹಿಡಿ ನಿಧಾನವಾಗಿ ಕುಸಿಯುತ್ತಾ ಹೋದರೆ, ಎಲ್ಲೋ ಬುಸ್ಸೆಂದರೆ, ವಾಪಸ್ ಕೊಡಿ. ಕೈಬಿಟ್ಟಾಗ ಪುಟಿದು ಮೇಲೆ ಬಂದರೆ ಒಳ್ಳೆಯದು. ಆಮೇಲೆ ಕಾಲಿಡುವ ಬುಡ ನೋಡಿ. ಮಗುವಿನ ಎರಡೂ ಪಾದ ಊರುವಷ್ಟು ಅಗಲವಿರಬೇಕು, ಪ್ಲಾಸ್ಟಿಕ್ಕಿಗಿಂತ ಲೋಹದ್ದಾದರೆ ಮೇಲು. ಪೈಪು ಬುಡಕ್ಕೆ ಸೇರುವ ಜಾಗವನ್ನು ಮಡಚಿ ನೋಡಿ. ಪೈಪು ಮೊದಲು ಬಿರಿಯುವುದು ಅಲ್ಲೇ. ಹಿಡಿಯ ಎತ್ತರ ಮಗುವಿನ ಎದೆ ದಾಟಬಾರದು.

ಕೊಳವೆಯೊಳಗೆ ಪುಟ್ಟ ಬಟ್ಟಲಿನಂಥ ವಾಷರ್ ಇರುತ್ತದೆ. ಹಿಡಿ ಎತ್ತಿದಾಗ ಅದು ಕೊಡೆಯಂತೆ ಮುದುಡಿ ಗಾಳಿಯನ್ನು ಕೆಳಗೆ ಬಿಡುತ್ತದೆ, ಒತ್ತಿದಾಗ ಅರಳಿ ಅಡ್ಡಗಟ್ಟುತ್ತದೆ. ತೊಗಲಿನದಾದರೆ ಬೇಸಿಗೆಯಲ್ಲಿ ಒಣಗಿ ಸೆಟೆಯುತ್ತದೆ. ಬಿಚ್ಚಿ, ಹೊಲಿಗೆ ಯಂತ್ರದ ಎಣ್ಣೆ ನಾಲ್ಕು ಹನಿ ಹಾಕಿ ಬೆರಳಲ್ಲಿ ತಿಕ್ಕಿದರೆ ಮತ್ತೆ ಜೀವ ಬರುತ್ತದೆ. ರಬ್ಬರಿನದಕ್ಕೆ ಆ ಎಣ್ಣೆ ಬೇಡ, ಉಬ್ಬಿಬಿಡಬಹುದು. ಸಿಲಿಕಾನ್ ಗ್ರೀಸ್ ಸವರಿ. ಕೊಳ್ಳುವಾಗಲೇ ಒಂದು ವಾಷರ್ ಹೆಚ್ಚಿಗೆ ಕೇಳಿ. ವಾಷರ್ ಸಿಗದ ಪಂಪು ಎಷ್ಟು ಚೆಂದವಿದ್ದರೂ ಬೇಡ.

ಮೊನ್ನೆ ಮೊಮ್ಮಗಳನ್ನೇ ಅಂಗಡಿಗೆ ಕರೆದುಕೊಂಡು ಹೋದೆ. ಅಳತೆಪಟ್ಟಿ ಹಿಡಿದು ಬಂದ ಹುಡುಗಿಯನ್ನು ಕಂಡು ಅಂಗಡಿಯವರು ನಕ್ಕರು. ಸಪೂರ ಪಂಪು ಬಂತು. ಪೂರ್ತಿ ಇಳಿದ ಚಕ್ರಕ್ಕೆ ಇಪ್ಪತ್ತೆಂಟು ಸಲ ಹೊಡೆದಳು, ಎಣಿಸಿದ್ದು ನಾನು. ಆಮೇಲೆ ಕೊಳವೆಯ ಬುಡ ಮುಟ್ಟಿ, "ಅಯ್ಯೋ, ಸುಡುತ್ತಿದೆ!" ಎಂದಳು. ಗಾಳಿಯನ್ನು ಒಮ್ಮೆಗೇ ಅದುಮಿದರೆ ಅದು ಬಿಸಿಯಾಗುತ್ತದೆ, ವಾಷರ್ ಉಜ್ಜಿದ್ದರ ಪಾಲು ಅದರಲ್ಲಿ ಕಡಿಮೆಯೇ ಎಂದು ವಿವರಿಸಲು ಹೊರಟೆ. ಅಷ್ಟರಲ್ಲಿ ಅವಳು ಗೇಟು ದಾಟಿದ್ದಳು. ನನ್ನ ದಪ್ಪ ಪಂಪು ಈಗ ಪಕ್ಕದ ಮನೆಯ ಕಾಲೇಜು ಹುಡುಗನ ಹತ್ತಿರ ಇದೆ.