ಮೊದಲ ಲ್ಯಾಪ್‌ಟಾಪ್ ಖರೀದಿ: ಬದಲಾಯಿಸಲಾಗದ ಭಾಗಕ್ಕೇ ಮೊದಲ ಹಣ

2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆ ಜಾರಿಗೆ ಬಂದ ನಂತರ ವ್ಯಾಪಾರದ ಲೆಕ್ಕಪತ್ರ, ರಿಟರ್ನ್ ಸಲ್ಲಿಕೆ, ಇ-ವೇ ಬಿಲ್ ಎಲ್ಲವೂ ಗಣಕಯಂತ್ರವನ್ನು ಅವಲಂಬಿಸಿವೆ. ಇದುವರೆಗೆ ಲೆಕ್ಕಪರಿಶೋಧಕರ ಕಚೇರಿಯನ್ನೋ, ಅಂಗಡಿಯ ಮೂಲೆಯಲ್ಲಿನ ಹಳೆಯ ಡೆಸ್ಕ್‌ಟಾಪನ್ನೋ ನೆಚ್ಚಿಕೊಂಡಿದ್ದ ವರ್ತಕರು ಹಾಗೂ ಸಣ್ಣ ಉದ್ದಿಮೆದಾರರು ತಮ್ಮದೇ ಆದ ಲ್ಯಾಪ್‌ಟಾಪ್ ಕೊಳ್ಳಲು ಹೊರಟಾಗ ಮಳಿಗೆಯಲ್ಲಿ ಸಾಮಾನ್ಯವಾಗಿ ಕೇಳಿಬರುವ ಮಾತೊಂದಿದೆ: "ಸದ್ಯಕ್ಕೆ ಕಡಿಮೆ ಬೆಲೆಯದನ್ನು ತೆಗೆದುಕೊಳ್ಳಿ, ಮುಂದೆ ಬೇಕಾದರೆ ಹೆಚ್ಚಿಸಿಕೊಳ್ಳಬಹುದು." ಹಿಂದೆ ಈ ಮಾತು ಬಹುಮಟ್ಟಿಗೆ ನಿಜವಾಗಿತ್ತು. ಇಂದಿನ ಅನೇಕ ಮಾದರಿಗಳಿಗೆ ಇದು ಅನ್ವಯಿಸುವುದಿಲ್ಲ. ಆದುದರಿಂದ ಯಾವ ಭಾಗವನ್ನು ಮುಂದೆ ಬದಲಾಯಿಸಬಹುದು, ಯಾವುದನ್ನು ಬದಲಾಯಿಸಲಾಗದು ಎಂಬುದನ್ನು ಹಣ ಕೊಡುವ ಮುನ್ನವೇ ಅರಿಯುವುದು ಲೇಸು.

ಬೆಸುಗೆಯೇ ಗಡಿರೇಖೆ

ಯಂತ್ರದ ತೂಕ ಮತ್ತು ದಪ್ಪ ಕಡಿಮೆಯಾದಂತೆ ತಯಾರಕರು ಹಲವು ಭಾಗಗಳನ್ನು ಮದರ್‌ಬೋರ್ಡಿಗೇ ಬೆಸೆಯತೊಡಗಿದ್ದಾರೆ. ಲ್ಯಾಪ್‌ಟಾಪಿನ ಪ್ರೊಸೆಸರ್ ಹಾಗೂ ಪ್ರತ್ಯೇಕ ಗ್ರಾಫಿಕ್ಸ್ ಚಿಪ್‌ಗಳನ್ನು ಇಂದು ಬಹುತೇಕ ಯಾವ ಮಾದರಿಯಲ್ಲೂ ಬದಲಾಯಿಸಲು ಬರುವುದಿಲ್ಲ. ಪರದೆ ಮತ್ತು ಕೀಲಿಮಣೆಗಳನ್ನು ಕೆಟ್ಟಾಗ ಹೊಸದಾಗಿ ಹಾಕಿಸಬಹುದೇ ಹೊರತು ಉತ್ತಮಪಡಿಸುವುದು ಕಷ್ಟಸಾಧ್ಯ. ಸಂಗ್ರಹಣೆಯ ಎಸ್‌ಎಸ್‌ಡಿ ಸಾಮಾನ್ಯವಾಗಿ ಬದಲಾಯಿಸಬಹುದಾದ ಭಾಗ. ಮೆಮೊರಿಯ ವಿಷಯ ಮಾತ್ರ ಮಾದರಿಯಿಂದ ಮಾದರಿಗೆ ಬೇರೆಯಾಗುವುದರಿಂದ ಹೆಚ್ಚಿನ ಗೊಂದಲ ಹುಟ್ಟುವುದು ಅಲ್ಲಿಯೇ.

ಮೆಮೊರಿ: ಸ್ಲಾಟ್ ಇದೆಯೇ?

ಮೆಮೊರಿಯ ವಿವರದಲ್ಲಿ "ಎಲ್‌ಪಿಡಿಡಿಆರ್" ಎಂದಿದ್ದರೆ ಅದು ಸಾಮಾನ್ಯವಾಗಿ ಬೋರ್ಡಿಗೆ ಬೆಸೆದದ್ದು; ಕೊಂಡಷ್ಟೇ ಕೊನೆಯವರೆಗೆ. 2020ರಿಂದ ಬಂದಿರುವ ಆ್ಯಪಲ್ ಎಂ ಸರಣಿಯ ಮ್ಯಾಕ್‌ಬುಕ್‌ಗಳಲ್ಲಿ, 2024ರಲ್ಲಿ ಬಿಡುಗಡೆಯಾದ ಇಂಟೆಲ್ ಕೋರ್ ಅಲ್ಟ್ರಾ 200ವಿ ಸರಣಿಯಲ್ಲಿ ಮೆಮೊರಿಯು ಪ್ರೊಸೆಸರ್‌ನ ಜೊತೆಯಲ್ಲೇ ಅಡಕವಾಗಿರುತ್ತದೆ. "ಡಿಡಿಆರ್4" ಅಥವಾ "ಡಿಡಿಆರ್5" ಎಂದಷ್ಟೇ ಇದ್ದರೆ ಸ್ಲಾಟ್ ಇರುವ ಸಂಭವ ಹೆಚ್ಚು; ಆದರೂ ಎಷ್ಟು ಸ್ಲಾಟ್, ಎಷ್ಟು ಖಾಲಿ, ಗರಿಷ್ಠ ಎಷ್ಟು ಜಿಬಿ ಎಂಬುದನ್ನು ತಯಾರಕರ ವಿವರಪಟ್ಟಿಯಲ್ಲಿ ನೋಡಿ ಖಚಿತಪಡಿಸಿಕೊಳ್ಳಬೇಕು. ಡಿಡಿಆರ್4 ಸ್ಲಾಟಿನಲ್ಲಿ ಡಿಡಿಆರ್5 ಮೆಮೊರಿ ಕೂರುವುದಿಲ್ಲ. ಎರಡರ ಕಚ್ಚುಗಳೇ ಬೇರೆ.

ವಿಂಡೋಸ್ 11 ಕಾರ್ಯಾಚರಣಾ ವ್ಯವಸ್ಥೆಗೆ ಅಧಿಕೃತ ಕನಿಷ್ಠ ಅಗತ್ಯ 4 ಜಿಬಿ. ಆದರೆ ಲೆಕ್ಕದ ತಂತ್ರಾಂಶ, ಹತ್ತಾರು ಪುಟ ತೆರೆದ ಬ್ರೌಸರ್, ಎಕ್ಸೆಲ್ ಇವೆಲ್ಲ ಏಕಕಾಲಕ್ಕೆ ನಡೆಯುವ ಕಚೇರಿಗೆ 8 ಜಿಬಿ ಕನಿಷ್ಠ, 16 ಜಿಬಿ ನೆಮ್ಮದಿ. ಬೆಸೆದ 8 ಜಿಬಿಯ ಯಂತ್ರಕ್ಕಿಂತ 8 ಜಿಬಿಯ ಜೊತೆಗೆ ಒಂದು ಖಾಲಿ ಸ್ಲಾಟ್ ಇರುವ ಯಂತ್ರ ಮೇಲು. ಸ್ಲಾಟ್ ಇಲ್ಲದ ಮಾದರಿಯೇ ಬೇಕೆಂದಾದರೆ ಮೊದಲೇ 16 ಜಿಬಿ ಕೊಳ್ಳುವುದು ಜಾಣತನ. ಮೆಮೊರಿಯ ಬೆಲೆ ಕಾಲಕ್ರಮೇಣ ಇಳಿಯುತ್ತದೆ ಎಂಬ ನಂಬಿಕೆಯೂ ಸದಾ ನಿಜವಲ್ಲ. ಕೃತಕ ಬುದ್ಧಿಮತ್ತೆಯ ದತ್ತಾಂಶ ಕೇಂದ್ರಗಳ ಬೇಡಿಕೆಯಿಂದಾಗಿ 2025ರ ಕೊನೆಯ ತಿಂಗಳುಗಳಲ್ಲಿ ಮೆಮೊರಿಯ ಬೆಲೆ ತೀವ್ರವಾಗಿ ಏರಿದ್ದು ಇದಕ್ಕೆ ನಿದರ್ಶನ. ಬೆಂಗಳೂರಿನ ಎಸ್.ಪಿ. ರಸ್ತೆಯಂತಹ ಬಿಡಿಭಾಗಗಳ ಮಾರುಕಟ್ಟೆಯಲ್ಲಿ ಕೊಳ್ಳುವುದಾದರೂ ಆ ದಿನದ ದರ ವಿಚಾರಿಸಿಯೇ ತೀರ್ಮಾನಿಸಬೇಕು.

ಪ್ರೊಸೆಸರ್: ಹೆಸರಿಗಿಂತ ಅಂಕಿ ಮುಖ್ಯ

"ಐ5", "ರೈಜೆನ್ 5" ಎಂಬ ಹೆಸರುಗಳು ದರ್ಜೆಯನ್ನು ಹೇಳುತ್ತವೆ, ಪೀಳಿಗೆಯನ್ನಲ್ಲ. ಇಂಟೆಲ್ ಕೋರ್ ಐ5-1235ಯು ಎಂಬಲ್ಲಿ ಮೊದಲ 12 ಎಂಬುದು ಹನ್ನೆರಡನೆಯ ಪೀಳಿಗೆಯನ್ನು ಸೂಚಿಸುತ್ತದೆ. ಎಎಂಡಿಯ 7000 ಸರಣಿಯಲ್ಲಿ ಮೂರನೆಯ ಅಂಕಿಯನ್ನು ಗಮನಿಸಬೇಕು. ರೈಜೆನ್ 5 7520ಯು ಎಂಬುದರ ಮೂರನೆಯ ಅಂಕಿ 2. ಅಂದರೆ ಅದರ ಒಳವಿನ್ಯಾಸ 2019ರಲ್ಲಿ ಮೊದಲು ಬಂದ ಝೆನ್ 2. ಅದೇ 7530ಯು ಎಂಬುದು ಝೆನ್ 3. ಹೆಸರು ಒಂದೇ, ದರ್ಜೆ ಒಂದೇ, ಒಳಗಿನ ಸರಕು ಮಾತ್ರ ಬೇರೆ.

ಅಂಕಿಯ ಕೊನೆಯಲ್ಲಿ "ಯು" ಇದ್ದರೆ ವಿದ್ಯುತ್ ಮಿತವ್ಯಯದ್ದು, ಲೆಕ್ಕಪತ್ರಕ್ಕೂ ಪ್ರವಾಸಕ್ಕೂ ಒಪ್ಪುತ್ತದೆ. "ಎಚ್" ಇದ್ದರೆ ಹೆಚ್ಚು ಶಕ್ತಿಯದು, ಯಂತ್ರಭಾಗಗಳ ವಿನ್ಯಾಸ ತಯಾರಿಸುವ ಕಾರ್ಯಾಗಾರಗಳಿಗೆ ಸೂಕ್ತ. ಬಿಸಿ ಹೆಚ್ಚು, ಬ್ಯಾಟರಿ ಬಾಳಿಕೆ ಕಡಿಮೆ. ಪ್ರತ್ಯೇಕ ಗ್ರಾಫಿಕ್ಸ್ ಚಿಪ್ ಬೇಕಾಗುವುದೂ ಇಂತಹ ವಿನ್ಯಾಸದ ಕೆಲಸಕ್ಕೇ ಹೊರತು ಬಿಲ್ ಬರೆಯುವುದಕ್ಕಲ್ಲ.

ಸೆಕೆಂಡ್‌ಹ್ಯಾಂಡ್ ಯಂತ್ರ ಕೊಳ್ಳುವವರು ಇನ್ನೊಂದನ್ನು ನೆನಪಿಡಬೇಕು. ವಿಂಡೋಸ್ 10ಕ್ಕೆ ನೀಡುತ್ತಿದ್ದ ಸಾಮಾನ್ಯ ಬೆಂಬಲವನ್ನು ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ರಂದು ನಿಲ್ಲಿಸಿತು. ಇಂಟೆಲ್ ಪ್ರೊಸೆಸರ್‌ಗಳ ಪೈಕಿ ವಿಂಡೋಸ್ 11ಕ್ಕೆ ಅಧಿಕೃತ ಮಾನ್ಯತೆಯಿರುವುದು ಬಹುತೇಕ ಎಂಟನೆಯ ಹಾಗೂ ಅನಂತರದ ಪೀಳಿಗೆಗಳಿಗೆ ಮಾತ್ರ. ಅದಕ್ಕಿಂತ ಹಳೆಯದು ಎಷ್ಟು ಅಗ್ಗವಾದರೂ ಬ್ಯಾಂಕ್ ವ್ಯವಹಾರಕ್ಕೆ ತರವಲ್ಲ.

ಸಂಗ್ರಹಣೆ: ಇಲ್ಲಿ ಕಾಯಬಹುದು

ಹಾರ್ಡ್ ಡಿಸ್ಕ್‌ನ ವೇಗ ಸೆಕೆಂಡಿಗೆ ಸುಮಾರು 100 ಎಂಬಿಯಷ್ಟು. ಸಾಟಾ ಎಸ್‌ಎಸ್‌ಡಿ ಸುಮಾರು 550 ಎಂಬಿ ತಲುಪಿದರೆ, ಉತ್ತಮ ಎನ್‌ವಿಎಂಇ ಎಸ್‌ಎಸ್‌ಡಿಗಳು 3,000 ಎಂಬಿಯನ್ನೂ ಮೀರುತ್ತವೆ. ಹಳೆಯ ಯಂತ್ರಕ್ಕೆ ಮರುಜೀವ ಬರುವುದು ಬಹುತೇಕ ಈ ಒಂದು ಬದಲಾವಣೆಯಿಂದಲೇ. ಲೆಕ್ಕದ ಕಡತಗಳು ಹೆಚ್ಚು ಜಾಗ ಬೇಡುವುದಿಲ್ಲವಾದುದರಿಂದ 512 ಜಿಬಿ ಧಾರಾಳವಾಯಿತು. 256 ಜಿಬಿಯಿಂದ ಆರಂಭಿಸಿದರೂ ಮುಂದೆ ಹೆಚ್ಚಿಸಿಕೊಳ್ಳಬಹುದು. ಅತ್ಯಂತ ಅಗ್ಗದ ಮಾದರಿಗಳಲ್ಲಿರುವ "ಇಎಂಎಂಸಿ" ಸಂಗ್ರಹಣೆ ಮಾತ್ರ ಬೋರ್ಡಿಗೆ ಬೆಸೆದದ್ದು, ನಿಧಾನವಾದದ್ದು. ಅದನ್ನು ಬಿಡುವುದೇ ಒಳ್ಳೆಯದು.

ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ಹೊಸ ವಿಂಡೋಸ್ 11 ಯಂತ್ರಗಳಲ್ಲಿ ಸಂಗ್ರಹಣೆ ಬಹುಪಾಲು ತಾನಾಗಿಯೇ ಗೂಢಲಿಪೀಕರಣಗೊಂಡಿರುತ್ತದೆ. ಮದರ್‌ಬೋರ್ಡ್ ಬದಲಾಯಿಸಬೇಕಾಗಿ ಬಂದರೆ ಯಂತ್ರವು 48 ಅಂಕಿಗಳ ಮರುಪ್ರಾಪ್ತಿ ಕೀಲಿಯನ್ನು ಕೇಳುತ್ತದೆ. ಆ ಕೀಲಿ ಕೈಯಲ್ಲಿಲ್ಲದಿದ್ದರೆ ವರ್ಷಗಳ ಲೆಕ್ಕಪತ್ರ ಅಲ್ಲಿಗೇ ಮುಗಿಯಿತು. ಕೊಂಡ ದಿನವೇ ಕೀಲಿಯನ್ನು ಕಾಗದದಲ್ಲಿ ಬರೆದು ತಿಜೋರಿಯಲ್ಲಿಡುವುದು, ಕಡತಗಳ ಪ್ರತಿಯನ್ನು ಹೊರಗಿನ ಡಿಸ್ಕಿನಲ್ಲಿ ಕಾಪಾಡುವುದು ವರ್ತಕರ ಕರ್ತವ್ಯ.

ವ್ಯಾಪಾರಕ್ಕೆ ಒಗ್ಗುವುದೇ?

ವೇಗದ ಚರ್ಚೆಯಲ್ಲಿ ನಿತ್ಯದ ಅನುಕೂಲ ಮರೆಯಬಾರದು. 15.6 ಅಂಗುಲದ ಬಹಳಷ್ಟು ಮಾದರಿಗಳಲ್ಲಿ ಬಲಗಡೆ ಪ್ರತ್ಯೇಕ ಸಂಖ್ಯಾ ಕೀಲಿಗಳಿರುತ್ತವೆ. ದಿನವಿಡೀ ಮೊತ್ತ ನಮೂದಿಸುವ ಗುಮಾಸ್ತರಿಗೆ ಇದರ ಬೆಲೆ ತಿಳಿದಿದೆ. 14 ಅಂಗುಲದವುಗಳಲ್ಲಿ ಇವು ಅಪರೂಪ. ಡಿಜಿಟಲ್ ಸಹಿಯ ಟೋಕನ್‌ಗಳಿಗೆ ಬಹುಪಾಲು ಹಳೆಯ ಅಗಲ ಯುಎಸ್‌ಬಿ ಪೋರ್ಟೇ ಬೇಕು. ಬರೀ ಸಿ ಮಾದರಿಯ ಪೋರ್ಟುಗಳಿದ್ದರೆ ಅಡಾಪ್ಟರ್ ಕೊಳ್ಳಬೇಕಾಗುತ್ತದೆ. ತೂಕದ ಯಂತ್ರಕ್ಕೆ ಹಳೆಯ ಸೀರಿಯಲ್ ಕೇಬಲ್ ಇರುವ ಕಾರ್ಖಾನೆಗಳಿಗೂ ಇದೇ ಮಾತು ಅನ್ವಯ.

ಬೆಂಗಳೂರಿನದೇ ಸಂಸ್ಥೆಯ ಟ್ಯಾಲಿ ತಂತ್ರಾಂಶವನ್ನು ರೂಪಿಸಿರುವುದು ವಿಂಡೋಸ್‌ಗಾಗಿ. ಆದ್ದರಿಂದ ಮ್ಯಾಕ್‌ಬುಕ್ ಅಥವಾ ಕ್ರೋಮ್‌ಬುಕ್ ಬಯಸುವವರು ಮೊದಲು ತಮ್ಮ ಲೆಕ್ಕಿಗರನ್ನು ಕೇಳಬೇಕು. 2024ರಿಂದ ಬಂದಿರುವ ಸ್ನ್ಯಾಪ್‌ಡ್ರ್ಯಾಗನ್ ಎಕ್ಸ್ ಪ್ರೊಸೆಸರ್‌ನ ವಿಂಡೋಸ್ ಯಂತ್ರಗಳು ಬ್ಯಾಟರಿಯಲ್ಲಿ ಉತ್ತಮವಾದರೂ, ಹಳೆಯ ಪ್ರಿಂಟರ್ ಮತ್ತು ಸಹಿ ಟೋಕನ್‌ಗಳಿಗೆ ಆ ಪ್ರೊಸೆಸರ್‌ಗೆಂದೇ ತಯಾರಾದ ಡ್ರೈವರ್ ಇಲ್ಲದಿದ್ದರೆ ಅವು ಕೆಲಸ ಮಾಡವು.

ತೆರಿಗೆ ಮತ್ತು ಖಾತರಿ

ಲ್ಯಾಪ್‌ಟಾಪಿನ ಮೇಲಿನ ಜಿಎಸ್‌ಟಿ ಶೇ. 18. ಮೂಲ ಬೆಲೆ 60,000 ರೂ. ಆದರೆ ತೆರಿಗೆ 10,800 ರೂ. ವ್ಯವಹಾರಕ್ಕೆಂದೇ ಕೊಂಡ ನೋಂದಾಯಿತ ವರ್ತಕರು ಬಿಲ್ಲಿನಲ್ಲಿ ತಮ್ಮ ಜಿಎಸ್‌ಟಿ ಸಂಖ್ಯೆ ಬರೆಸಿದಲ್ಲಿ ಇದನ್ನು ಹೂಡುವಳಿ ತೆರಿಗೆ ಜಮೆಯಾಗಿ ಪಡೆಯಬಹುದು. ಕಾಂಪೋಸಿಷನ್ ಪದ್ಧತಿಯವರಿಗೆ ಈ ಸೌಲಭ್ಯವಿಲ್ಲ. ತೆರಿಗೆಯ ಮೊತ್ತಕ್ಕೂ ಸವಕಳಿ ತೋರಿಸಿದರೆ ಅದರ ಮೇಲಿನ ಜಮೆ ಸಿಗದು. ಆದಾಯ ತೆರಿಗೆಯಲ್ಲಿ ಗಣಕಯಂತ್ರಗಳ ಸವಕಳಿ ದರ ಶೇ. 40, ಅಂದರೆ ಮೊದಲ ವರ್ಷ 24,000 ರೂ. ಆ ವರ್ಷ 180 ದಿನಕ್ಕಿಂತ ಕಡಿಮೆ ಬಳಸಿದ್ದರೆ ಅರ್ಧ ಮಾತ್ರ.

ಖಾತರಿಯ ಷರತ್ತುಗಳನ್ನು ಓದುವುದು ವರ್ತಕರಿಗೆ ಇತರರಿಗಿಂತ ಹೆಚ್ಚು ಅಗತ್ಯ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯು ವಾಣಿಜ್ಯ ಉದ್ದೇಶಕ್ಕೆ ಕೊಂಡವರನ್ನು "ಗ್ರಾಹಕ" ಎಂದು ಪರಿಗಣಿಸುವುದಿಲ್ಲ. ಸ್ವಯಂ ಉದ್ಯೋಗದಿಂದ ಜೀವನೋಪಾಯಕ್ಕಾಗಿ ಮಾತ್ರ ಬಳಸುವವರಿಗೆ ವಿನಾಯಿತಿಯಿದೆ. ಕಂಪನಿಯ ಹೆಸರಿನಲ್ಲಿ ಕೊಂಡ ಯಂತ್ರ ಕೆಟ್ಟರೆ ಗ್ರಾಹಕ ಆಯೋಗದ ಬಾಗಿಲು ತೆರೆದಿರುತ್ತದೆಂಬ ಭರವಸೆ ಇಲ್ಲ. ಹೀಗಾಗಿ ದುರಸ್ತಿಗಾರರು ಕಚೇರಿಗೇ ಬರುವ ಸೇವೆ ಇದೆಯೇ, ಸೇವಾ ಕೇಂದ್ರ ತಮ್ಮ ಊರಿನಲ್ಲಿದೆಯೇ ಅಥವಾ ಜಿಲ್ಲಾ ಕೇಂದ್ರಕ್ಕೆ ಒಯ್ಯಬೇಕೇ, ಮೆಮೊರಿ ಸೇರಿಸಲು ಯಂತ್ರ ತೆರೆದರೆ ಖಾತರಿ ಉಳಿಯುವುದೇ ಎಂಬುದನ್ನು ಲಿಖಿತವಾಗಿ ಪಡೆಯಬೇಕು.

ಬಿಲ್ ಬರೆಸುವ ಮುನ್ನ

ಮಾದರಿಯ ಪೂರ್ಣ ಸಂಖ್ಯೆ, ಪ್ರೊಸೆಸರ್‌ನ ಪೂರ್ಣ ಅಂಕಿ, ಮೆಮೊರಿಯ ಬಗೆ ಮತ್ತು ಖಾಲಿ ಸ್ಲಾಟ್, ಎಸ್‌ಎಸ್‌ಡಿಯ ಬಗೆ, ಪೋರ್ಟುಗಳು, ಖಾತರಿಯ ಅವಧಿ ಇವಿಷ್ಟನ್ನು ಒಂದು ಚೀಟಿಯಲ್ಲಿ ಬರೆದು ಎರಡು ಮೂರು ಮಳಿಗೆಗಳಲ್ಲಿ ದರ ಕೇಳಬೇಕು. ಒಂದೇ ಹೆಸರಿನ ಲ್ಯಾಪ್‌ಟಾಪ್ ಬೇರೆ ಬೇರೆ ಭಾಗಗಳೊಂದಿಗೆ ಬರುವುದರಿಂದ ಹೆಸರನ್ನಷ್ಟೇ ಹಿಡಿದು ದರ ಹೋಲಿಸುವುದು ವ್ಯರ್ಥ. ಮಿತವಾದ ಬಂಡವಾಳದಲ್ಲಿ ಪ್ರೊಸೆಸರ್, ಬೆಸೆದ ಮೆಮೊರಿ, ಕೀಲಿಮಣೆ ಮತ್ತು ಪರದೆಗಳಿಗೆ ಮೊದಲ ಪಾಲು ಸಲ್ಲಬೇಕು. ಎಸ್‌ಎಸ್‌ಡಿ ಮತ್ತು ಸ್ಲಾಟಿನ ಮೆಮೊರಿಗಳಿಗೆ ಉಳಿದ ಹಣ ಸಾಲದಾದರೆ ಅವನ್ನು ಮುಂದಿನ ವರ್ಷದ ಲೆಕ್ಕಕ್ಕೆ ಬಿಡಬಹುದು.