‘ಕೊರವಂಜಿ’ ಪತ್ರಿಕೆಯೂ ವೇಷದ ಮಾತೂ

ವಿಡಂಬನೆಯು ಅಧಿಕಾರದ ಕಣ್ಣಿನಿಂದ ತಪ್ಪಿಸಿಕೊಳ್ಳುವುದಕ್ಕೆ ಎರಡು ಮಾರ್ಗಗಳುಂಟು. ಬರೆದ ಹಾಳೆಯನ್ನು ಅಡಗಿಸುವುದು ಒಂದು. ನುಡಿಯುವವರನ್ನು ವೇಷದಲ್ಲಿ ನಿಲ್ಲಿಸುವುದು ಇನ್ನೊಂದು. 1942ರ ಚಳವಳಿಯಲ್ಲಿ ಕೈಯಿಂದ ಕೈಗೆ ಗುಪ್ತವಾಗಿ ಸಾಗಿದ ಕರಪತ್ರಗಳು ಮೊದಲನೆಯ ಮಾರ್ಗವನ್ನು ಹಿಡಿದುವು. ಅದೇ ವರ್ಷ ಬೆಂಗಳೂರಿನಲ್ಲಿ ಹುಟ್ಟಿದ ‘ಕೊರವಂಜಿ’ ಮಾಸಪತ್ರಿಕೆಯು ಎರಡನೆಯದನ್ನು ಆರಿಸಿಕೊಂಡಿತು.

ಮೈಸೂರು ಸಂಸ್ಥಾನದಲ್ಲಿ ಪತ್ರಿಕೆಗಳ ಮೇಲಣ ನಿರ್ಬಂಧವು ಆಗ ಹೊಸದೇನೂ ಆಗಿರಲಿಲ್ಲ. 1908ರ ವೃತ್ತಪತ್ರಿಕಾ ಶಾಸನವು ಸರ್ಕಾರದ ಅಪ್ಪಣೆಯಿಲ್ಲದೆ ಪತ್ರಿಕೆಯನ್ನು ಹೊರಡಿಸಕೂಡದೆಂದು ವಿಧಿಸಿದ್ದಿತು. ಅದನ್ನು ಪ್ರತಿಭಟಿಸಿ ಎಂ. ವೆಂಕಟಕೃಷ್ಣಯ್ಯನವರು ತಮ್ಮ ಪತ್ರಿಕೆಗಳನ್ನೇ ನಿಲ್ಲಿಸಿದರು. ನೇರವಾದ ಮಾತಿಗೆ ತೆರಬೇಕಾದ ಬೆಲೆಯನ್ನು ನಾಡು ಅಂದೇ ಕಂಡಿದ್ದಿತು.

ಪತ್ರಿಕೆಯ ಸ್ಥಾಪಕರಾದ ಡಾಕ್ಟರ್ ಎಂ. ಶಿವರಾಂ (1905–1984) ವೃತ್ತಿಯಿಂದ ವೈದ್ಯರು. ‘ರಾಶಿ’ ಎಂಬುದು ಅವರ ಕಾವ್ಯನಾಮ. ಅವರು ಪತ್ರಿಕೆಗೆ ಇಟ್ಟ ಹೆಸರು ವಿಚಾರಾರ್ಹವಾದುದು. ಕೊರವಂಜಿಯೆಂದರೆ ಮನೆಮನೆಗೆ ಹೋಗಿ ಕಣಿ ಹೇಳುವವಳು. ಶ್ರೀನಿವಾಸನು ಆಕಾಶರಾಜನ ಅರಮನೆಯನ್ನು ಹೊಕ್ಕುದು ಈ ವೇಷದಿಂದಲೇ ಎಂಬ ಕಥೆಯು ಪ್ರಸಿದ್ಧವಾಗಿದೆ. ಯಕ್ಷಗಾನದಲ್ಲಿಯೂ ಈ ಪಾತ್ರವುಂಟು. ಅವಳು ಹೇಳಿದುದು ಕಹಿಯಾದರೂ ಕೇಳುವವರು ಕೈನೀಡುವರು. ಮಾತಿನ ಹೊಣೆ ಅವಳದಲ್ಲ, ಕಣಿಯದು. ‘ರಾಶಿ’ ಎಂಬ ಹೆಸರಿನಲ್ಲಿಯೂ ಜ್ಯೋತಿಷದ ಧ್ವನಿಯಿರುವುದನ್ನು ವಾಚಕರು ಗಮನಿಸಬಹುದು.

ಪತ್ರಿಕೆಯ ಒಳಗೂ ಇದೇ ಕ್ರಮವು ಕಾಣುವುದು. ನಾ. ಕಸ್ತೂರಿಯವರ ‘ಅನರ್ಥಕೋಶ’ವು ನಿಘಂಟಿನ ವೇಷವನ್ನು ಧರಿಸಿತು: ಶಬ್ದವು ಒಂದು, ಅರ್ಥವು ಶಾಸ್ತ್ರದ ಗಾಂಭೀರ್ಯದಲ್ಲಿಯೇ ತಲೆಕೆಳಗು. ಟಿ. ಸುನಂದಮ್ಮನವರು ಗೃಹಕೃತ್ಯದ ಹರಟೆಯ ನೆಪದಲ್ಲಿ ಗಂಡಸರ ಹಿರಿತನವನ್ನು ಅಳೆದರು. ಕನ್ನಡದಲ್ಲಿ ಹೆಂಗಸರ ಹಾಸ್ಯಕ್ಕೆ ಇಂತಹ ವೇದಿಕೆಯು ದೊರೆತುದು ಸಾಮಾನ್ಯ ಸಂಗತಿಯಲ್ಲ. ಮುಂದೆ ದೇಶವಿಖ್ಯಾತರಾದ ಆರ್. ಕೆ. ಲಕ್ಷ್ಮಣರು ತರುಣರಾಗಿದ್ದಾಗ ಇದಕ್ಕೆ ಚಿತ್ರಗಳನ್ನು ಬರೆದರು. ಹೀಗೆ ಲೇಖನಕಲೆಯೂ ಚಿತ್ರಕಲೆಯೂ ಇಲ್ಲಿ ಒಂದೇ ಉದ್ದೇಶಕ್ಕೆ ಸೇರಿದುವು.

ವೇಷಕ್ಕೂ ಬೆಲೆಯುಂಟು. ಕಣಿಯವಳು ಮನೆಯ ಯಜಮಾನನನ್ನು ನಗಿಸಬಲ್ಲಳು, ಎಚ್ಚರಿಸಬಲ್ಲಳು, ಹೊರದೂಡಲಾರಳು. ಗುಪ್ತಪತ್ರದ ಉರಿಯನ್ನು ‘ಕೊರವಂಜಿ’ಯಲ್ಲಿ ಹುಡುಕುವುದು ಸಲ್ಲದು. ಆದರೆ ಗುಪ್ತಪತ್ರವು ಓದಿದೊಡನೆ ನಾಶಮಾಡತಕ್ಕುದು. ‘ಕೊರವಂಜಿ’ಯಾದರೋ ಮನೆಯ ನಡುವೆಯೇ ಕುಳಿತು, ಪರಸರ್ಕಾರದ ಕಾಲದಲ್ಲಿ ಆರಂಭಿಸಿ ಸ್ವರಾಜ್ಯದಲ್ಲಿಯೂ ಮುಂದುವರಿದು, 1967ರವರೆಗೆ ಇಪ್ಪತ್ತೈದು ವರ್ಷ ನುಡಿಯಿತು. 1983ರಲ್ಲಿ ಹೊರಟ ‘ಅಪರಂಜಿ’ಯು ಅದರ ಪರಂಪರೆಯನ್ನು ಕೈಗೆತ್ತಿಕೊಂಡಿತು.

ಆದುದರಿಂದ ಈ ಸಂಚಿಕೆಗಳನ್ನು ಕೇವಲ ವಿನೋದವೆಂದು ಬದಿಗಿಡುವುದು ಉಚಿತವಲ್ಲ. ನೇರ ನುಡಿಯಲಾಗದ ಕಾಲದಲ್ಲಿ ಭಾಷೆಯು ಯಾವ ಉಡುಪನ್ನು ತೊಡುವುದೆಂಬುದಕ್ಕೆ ಇವು ಸಾಕ್ಷಿಗಳು. ತರಗತಿಯಲ್ಲಿ ವ್ಯಂಗ್ಯವನ್ನು ಬೋಧಿಸುವವರಿಗೆ ಇವುಗಳಿಗಿಂತ ಹತ್ತಿರದ ನಿದರ್ಶನವು ದೊರೆಯುವುದು ಕಷ್ಟ.